ವಾರಕ್ಕೊಂದು ವಚನ: ಬದುಕಿನ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಓದುವ ಕ್ರಮ

ಬದುಕಿಗೆ ಅರ್ಥವೇನು ಎಂಬ ಪ್ರಶ್ನೆ ಸಂಭ್ರಮದ ದಿನಗಳಲ್ಲಿ ನಮ್ಮ ಬಳಿಗೆ ಬರುವುದು ಕಡಿಮೆ. ಹೆತ್ತವರನ್ನು ಕಳೆದುಕೊಂಡ ತಿಂಗಳಲ್ಲಿ, ಇಪ್ಪತ್ತು ವರ್ಷ ಮಾಡಿದ ಕೆಲಸ ಒಂದು ಬೆಳಗ್ಗೆ ಏಕಾಏಕಿ ಸಪ್ಪೆಯೆನ್ನಿಸಿದಾಗ, ಮಕ್ಕಳು ಊರು ಬಿಟ್ಟು ಮನೆ ಬಿಕೋ ಎನ್ನುವಾಗ ಅದು ಬರುತ್ತದೆ. ಆಗ ಕೈಗೆ ಸಿಕ್ಕ ಹಿತನುಡಿಗಳನ್ನೆಲ್ಲ ಓದುತ್ತೇವೆ, ಮೊಬೈಲಿಗೆ ಬಂದ ಸುಭಾಷಿತವನ್ನು ಹತ್ತು ಜನರಿಗೆ ಕಳಿಸುತ್ತೇವೆ, ಮಧ್ಯಾಹ್ನದ ಊಟದ ಹೊತ್ತಿಗೆ ಅದು ಮರೆತೇ ಹೋಗಿರುತ್ತದೆ. ನುಡಿಯಲ್ಲಿ ಸತ್ವವಿಲ್ಲವೆಂದು ಹೀಗಾಗುವುದಿಲ್ಲ. ಒಂದು ನುಡಿಯ ಹತ್ತಿರ ಸಾಕಷ್ಟು ಹೊತ್ತು ಕುಳಿತುಕೊಳ್ಳದೆ ಇರುವುದರಿಂದ ಹೀಗಾಗುತ್ತದೆ ಎಂಬುದು ನನ್ನ ಅನುಭವ.

ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ವಾರಕ್ಕೆ ಒಂದರಂತೆ, ಸ್ವಂತ ಬದುಕಿನ ಪ್ರಶ್ನೆಯೊಂದನ್ನು ಎದುರಿಗಿಟ್ಟುಕೊಂಡು ಓದುವ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇನೆ. ಏಳು ವರ್ಷಗಳಿಂದ ನಾನು ಇದನ್ನು ಪಾಲಿಸಿಕೊಂಡು ಬಂದಿದ್ದೇನೆ. ವಚನಗಳನ್ನೇ ಏಕೆ ಆರಿಸಿಕೊಳ್ಳಬೇಕೆಂದು ಕೇಳುವವರಿಗೆ ನನ್ನ ಉತ್ತರ ಸರಳವಾಗಿದೆ. ಇವನ್ನು ನುಡಿದವರಲ್ಲಿ ಹಲವರು ದಿನವಿಡೀ ಕೈಕೆಸರು ಮಾಡಿಕೊಂಡು ದುಡಿದವರು: ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಬಟ್ಟೆ ಒಗೆದ ಮಡಿವಾಳ ಮಾಚಿದೇವ, ಹುಲ್ಲಿನ ಹಗ್ಗ ಹೊಸೆದ ನುಲಿಯ ಚಂದಯ್ಯ. ಮಾದಾರ ಚೆನ್ನಯ್ಯನ ವಚನಗಳ ಅಂಕಿತದಲ್ಲಿಯೇ, ಅಂದರೆ ವಚನದ ಕೊನೆಗೆ ಸಹಿಯಂತೆ ಬರುವ ದೇವರ ಹೆಸರಿನಲ್ಲಿಯೇ, ಉಳಿ, ಕತ್ತಿ, ಅಡಿಗೂಟಗಳು ಬರುತ್ತವೆ. ಚರ್ಮದ ಕೆಲಸದ ಸಲಕರಣೆಗಳನ್ನು ದೇವರ ಹೆಸರಿನ ಪಕ್ಕದಲ್ಲಿ ಇಡಲು ಆತನಿಗೆ ಯಾವ ಸಂಕೋಚವೂ ಇರಲಿಲ್ಲ. ಮನೆ, ಕೆಲಸ, ಸಂತೆ, ಸಾಲ, ನೆರೆಹೊರೆಗಳ ನಡುವೆಯೇ ನಿಂತು ಆಡಿದ ಮಾತುಗಳಾದ್ದರಿಂದ, ಸಂಸಾರದಲ್ಲಿ ಇದ್ದುಕೊಂಡೇ ದಾರಿ ಹುಡುಕುವವರಿಗೆ ಅವು ಹತ್ತಿರವಾಗುತ್ತವೆ. ಓದುವವರು ಇಂಥದೇ ಮತದವರಾಗಿರಬೇಕೆಂಬ ನಿಯಮವಿಲ್ಲ, ದೇವರಲ್ಲಿ ನಂಬಿಕೆಯೇ ಇಲ್ಲದವರೂ ಈ ಕ್ರಮವನ್ನು ಹಿಡಿಯಬಹುದು.

ಮೊದಲು ಪ್ರಶ್ನೆ, ಆಮೇಲೆ ಪುಸ್ತಕ

ಒಂದು ಇನ್ನೂರು ಪುಟದ ನೋಟ್ ಪುಸ್ತಕವನ್ನು ತೆಗೆದುಕೊಂಡು ಅದರ ಮೊದಲ ಪುಟದಲ್ಲಿ, ಈ ಹೊತ್ತು ನಿಮ್ಮನ್ನು ಕಾಡುತ್ತಿರುವ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. "ಬದುಕಿನ ಅರ್ಥವೇನು?" ಎಂದು ಬರೆದರೆ ಯಾವ ವಚನವೂ ನಿಮಗೆ ಉತ್ತರ ಕೊಡಲಾರದು, ಏಕೆಂದರೆ ಅದು ಎಲ್ಲರ ಪ್ರಶ್ನೆ. "ಅಣ್ಣನ ಜೊತೆ ಮಾತು ಬಿಟ್ಟು ಮೂರು ವರ್ಷವಾಯಿತು, ನಾನೇ ಮೊದಲು ಮಾತಾಡಿಸಬೇಕೇ?" ಎಂದು ಬರೆದರೆ ಅದು ನಿಮ್ಮದು. "ನನ್ನ ಕೆಲಸವನ್ನು ಯಾರೂ ಗಮನಿಸುವುದಿಲ್ಲ, ಆದರೂ ಚೆನ್ನಾಗಿ ಮಾಡಬೇಕೇ?" ಎಂಬುದೂ ಅಂಥದೇ. ಪ್ರಶ್ನೆ ಸಣ್ಣದಾಗಿ ಕಂಡರೆ ಅಂಜಬೇಡಿ.

ಪ್ರಶ್ನೆಯನ್ನು ಬರೆಯಲು ಕುಳಿತಾಗ ಕೈ ನಡುಗುವಷ್ಟು ದುಃಖವಿದ್ದರೆ, ನಿದ್ದೆ ಊಟಗಳು ವಾರಗಟ್ಟಲೆ ತಪ್ಪಿದ್ದರೆ, ಬದುಕೇ ಬೇಡವೆನ್ನಿಸುತ್ತಿದ್ದರೆ ಮೊದಲು ವೈದ್ಯರನ್ನು ಕಾಣಿರಿ, ಇಲ್ಲವೇ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿರಿ. ವಚನಗಳು ಕಾಯುತ್ತವೆ; ಎಂಟು ನೂರು ವರ್ಷ ಕಾದಿವೆ.

ನಂಬಿಕೆಗೆ ಅರ್ಹವಾದ ಪಠ್ಯವನ್ನು ಹಿಡಿಯಿರಿ

ಇಂದು ನಮಗೆ ವಚನಗಳು ಇಷ್ಟು ಸುಲಭವಾಗಿ ಸಿಗುವುದರ ಹಿಂದೆ ಫ.ಗು. ಹಳಕಟ್ಟಿಯವರ (1880–1964) ದುಡಿಮೆಯಿದೆ. ವಿಜಯಪುರದಲ್ಲಿ ವಕೀಲರಾಗಿದ್ದ ಅವರು ಮನೆಮನೆ, ಮಠಮಠ ಅಲೆದು ಓಲೆಗರಿಯ ಕಟ್ಟುಗಳನ್ನು ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗವನ್ನು ಹೊರತಂದರು. ಮುಂದೆ ಅಚ್ಚುಕೂಟ ಹಾಕುವುದಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಅನಂತರ ಹಲವು ವಿದ್ವಾಂಸರ ಪರಿಶ್ರಮದಿಂದ, ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರದ 'ಸಮಗ್ರ ವಚನ ಸಂಪುಟ' 1993ರಲ್ಲಿ 15 ಸಂಪುಟಗಳಾಗಿ ಬಂದಿತು. ಜಿಲ್ಲಾ ಗ್ರಂಥಾಲಯಗಳಲ್ಲಿ ಮತ್ತು ಕಾಲೇಜು ಗ್ರಂಥಾಲಯಗಳಲ್ಲಿ ಇದನ್ನು ಕೇಳಿ ನೋಡಿ. ಹೊಸಬರಿಗೆ ಹದಿನೈದೂ ಬೇಕಾಗಿಲ್ಲ. ಬಸವಣ್ಣನವರ ಮೊದಲ ಸಂಪುಟ, ಶರಣೆಯರ ವಚನಗಳಿರುವ ಐದನೆಯದು, ಪಾರಿಭಾಷಿಕ ಪದಗಳ ಕೋಶವಾದ ಹದಿನೈದನೆಯದು, ಈ ಮೂರು ಕೈಗೆಟುಕುವಂತಿದ್ದರೆ ಮೊದಲ ಎರಡು ವರ್ಷಗಳಿಗೆ ಧಾರಾಳವಾಗಿ ಸಾಕು. ಅಂತರ್ಜಾಲದಲ್ಲಿ 'ವಚನ ಸಂಚಯ' ಎಂಬ ತಾಣದಲ್ಲಿ ವಚನಗಳನ್ನು ಪದದ ಮೂಲಕ ಹುಡುಕುವ ಸೌಲಭ್ಯವೂ ಇದೆ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಮೊಬೈಲಿನಲ್ಲಿ ಹರಿದಾಡುವ ಎಷ್ಟೋ ಸಾಲುಗಳಿಗೆ ಬಸವಣ್ಣನವರ ಹೆಸರು ಅಂಟಿರುತ್ತದೆ. 'ಕಾಯಕವೇ ಕೈಲಾಸ' ಎಂಬ ಮಾತನ್ನೇ ನೋಡಿ: ಎಲ್ಲರೂ ಅದನ್ನು ಬಸವಣ್ಣನವರದೆಂದೇ ಹೇಳುತ್ತಾರೆ, ಆದರೆ ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಇದು ಬರಿಯ ಪಾಂಡಿತ್ಯದ ವಿಷಯವೆಂದು ನನಗೆ ಅನ್ನಿಸುವುದಿಲ್ಲ. ಮಹಾಮಂತ್ರಿಯಾಗಿದ್ದವರು ದುಡಿಮೆಯನ್ನು ಹೊಗಳುವುದಕ್ಕೂ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕಿದವನು ತನ್ನ ಕೆಲಸವನ್ನು ಕೈಲಾಸವೆನ್ನುವುದಕ್ಕೂ ತೂಕ ಬೇರೆ. ಯಾರು ನುಡಿದರೆಂಬುದು ಗೊತ್ತಾದಾಗ ಮಾತಿನ ಒಳಗಿನ ಬಿಸಿ ತಿಳಿಯುತ್ತದೆ. ಆದುದರಿಂದ ವಚನವನ್ನು ಬರೆದುಕೊಳ್ಳುವಾಗ ಅದರ ಅಂಕಿತವನ್ನು ಗುರುತಿಸಿಕೊಳ್ಳಿರಿ: ಕೂಡಲಸಂಗಮದೇವ ಬಸವಣ್ಣನವರದು, ಗುಹೇಶ್ವರ ಅಲ್ಲಮಪ್ರಭುವಿನದು, ಚೆನ್ನಮಲ್ಲಿಕಾರ್ಜುನ ಅಕ್ಕಮಹಾದೇವಿಯದು, ರಾಮನಾಥ ಜೇಡರ ದಾಸಿಮಯ್ಯನದು. ಅಂಕಿತವೊಂದೇ ಪುರಾವೆಯಾಗದು, ಅದನ್ನು ಯಾರು ಬೇಕಾದರೂ ಕೊನೆಗೆ ಸೇರಿಸಬಹುದು. ಸಂಪುಟದಲ್ಲಿ ಹುಡುಕಿ ಖಚಿತಪಡಿಸಿಕೊಂಡ ಮೇಲೆಯೇ ನೋಟ್ ಪುಸ್ತಕಕ್ಕೆ ಇಳಿಸಿರಿ.

ಗಟ್ಟಿಯಾಗಿ ಓದಿರಿ, ಕೈಯಿಂದ ಬರೆಯಿರಿ

ಸೋಮವಾರ ಬೆಳಗ್ಗೆ ಒಂದು ವಚನವನ್ನು ಆರಿಸಿಕೊಂಡು ಮೂರು ಸಲ ಗಟ್ಟಿಯಾಗಿ ಓದಿ, ಅದನ್ನು ಕೈಯಿಂದ ಬರೆದುಕೊಳ್ಳಿರಿ. ವಚನ ಎಂದರೆ ಆಡಿದ ಮಾತು. 'ಅಯ್ಯಾ', 'ಕಾಣಾ', 'ಕೇಳಯ್ಯಾ' ಎಂಬ ಕರೆಗಳು ಅದರಲ್ಲಿ ಸುಮ್ಮನೆ ಬಂದಿಲ್ಲ. ಎಲ್ಲಿ ಉಸಿರು ನಿಲ್ಲುತ್ತದೆಯೋ ಅಲ್ಲಿ ಅರ್ಥವೂ ತಿರುಗುತ್ತದೆ. ಹೊರನಾಡಿನಲ್ಲಿದ್ದು ಮಕ್ಕಳಿಗೆ ಕನ್ನಡ ಲಿಪಿ ಬಾರದ ಮನೆಗಳಲ್ಲಿಯೂ ಈ ಹೆಜ್ಜೆ ತಪ್ಪಬೇಕಾಗಿಲ್ಲ, ಕಿವಿಯಿಂದಲೇ ಅವರು ಕಲಿಯುತ್ತಾರೆ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿಯವರು ಹಾಡಿದ ವಚನಗಳ ಧ್ವನಿಮುದ್ರಣಗಳನ್ನು ಕೇಳುವುದು ಒಳ್ಳೆಯದೇ, ಆದರೆ ಸ್ವಂತ ಓದು ಮೊದಲು ಮುಗಿಯಲಿ. ರಾಗದ ಸೊಗಸಿನಲ್ಲಿ ಮಾತಿನ ಚೂಪು ಕೆಲವೊಮ್ಮೆ ಮೃದುವಾಗಿಬಿಡುತ್ತದೆ.

ಮೂರು ವ್ಯಾಕರಣದ ಕೀಲಿಗಳು

ವಚನಗಳ ಭಾಷೆ ಹಳತೆಂದು ಹಿಂಜರಿಯುವವರು ಬಹಳ ಮಂದಿ. ಮೂರು ಸಂಗತಿಗಳನ್ನು ತಿಳಿದುಕೊಂಡರೆ ಅರ್ಧದಷ್ಟು ತೊಡಕು ಬಿಡುತ್ತದೆ. 'ಮಾಡಿದಡೆ', 'ಅಂಜಿದಡೆ' ಎಂಬಲ್ಲಿನ 'ಅಡೆ'ಯನ್ನು ಇಂದಿನ 'ಮಾಡಿದರೆ', 'ಅಂಜಿದರೆ' ಎಂದು ಓದಿಕೊಳ್ಳಿರಿ. 'ಮನೆಯ ಮಾಡಿ' ಎಂದರೆ 'ಮನೆಯನ್ನು ಮಾಡಿ'. ಮೂರನೆಯದು ಬಹು ಮುಖ್ಯವಾದುದು: 'ಮೆಚ್ಚ', 'ಒಪ್ಪ', 'ಅರಿಯ' ಎಂಬ ಕ್ರಿಯಾಪದಗಳು ನಿಷೇಧವನ್ನು ಹೇಳುತ್ತವೆ. 'ಮೆಚ್ಚ' ಎಂದರೆ 'ಮೆಚ್ಚುವುದಿಲ್ಲ'.

ಇದನ್ನು ನಾನು ತಪ್ಪು ಮಾಡಿಯೇ ಕಲಿತೆ. ಲೋಕದ ಡೊಂಕನ್ನು ನೀವೇಕೆ ತಿದ್ದುವಿರಿ ಎಂದು ಕೇಳುವ ಬಸವಣ್ಣನವರ ವಚನ ನಮ್ಮೆಲ್ಲರಿಗೂ ಶಾಲೆಯಿಂದಲೇ ಪರಿಚಿತ. ಅದರ ಕೊನೆಯಲ್ಲಿ, ನೆರೆಮನೆಯ ದುಃಖಕ್ಕೆ ಅಳುವವರ 'ಮೆಚ್ಚ ಕೂಡಲಸಂಗಮದೇವ' ಎಂದು ಬರುತ್ತದೆ. ಪಕ್ಕದ ಮನೆಯವರ ನೋವಿಗೆ ಕಣ್ಣೀರಿಡುವವರನ್ನು ದೇವರು ಮೆಚ್ಚುತ್ತಾನೆಂದೇ ನಾನು ಬಹುಕಾಲ ತಿಳಿದಿದ್ದೆ, ಒಂದು ಸಾಂತ್ವನದ ಪತ್ರದಲ್ಲಿ ಹಾಗೆಯೇ ಬರೆದೂ ಇದ್ದೆ. ಅರ್ಥ ನೇರ ತಿರುಗುಮುರುಗಾಗಿತ್ತು. ಅಂಥವರನ್ನು ಆತ ಮೆಚ್ಚುವುದಿಲ್ಲವೆಂದು ವಚನ ಹೇಳುತ್ತದೆ. ಆ ಪತ್ರವನ್ನು ನೆನೆದರೆ ಇಂದಿಗೂ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಹಾಗೆಂದೇ ಈ ವಚನವನ್ನು ಮುಂದೆ ಮತ್ತೆ ಎತ್ತಿಕೊಳ್ಳಲಿದ್ದೇನೆ.

ಷಟ್ಸ್ಥಲ, ಪ್ರಸಾದ, ಜಂಗಮ ಮುಂತಾದ ಪಾರಿಭಾಷಿಕ ಪದಗಳಿಗೆ ಹದಿನೈದನೆಯ ಸಂಪುಟವನ್ನು ನೋಡಿರಿ. ಒಗಟಿನಂತಿರುವ ಬೆಡಗಿನ ವಚನಗಳನ್ನು ಮೊದಲ ವರ್ಷ ಬದಿಗಿಡಿರಿ.

ಏಳು ದಿನ ಒಂದೇ ವಚನ

ಈ ಕ್ರಮದ ಜೀವಾಳ ಇಲ್ಲಿದೆ. ದಿನಕ್ಕೊಂದು ವಚನ ಓದುವ ಅಭ್ಯಾಸವುಳ್ಳವರು ಅನೇಕರಿದ್ದಾರೆ, ನಾನೂ ಒಂದು ವರ್ಷ ಹಾಗೆಯೇ ಓದಿದೆ, ಓದಿದ ಸಮಾಧಾನದ ಹೊರತು ಹೆಚ್ಚೇನೂ ಉಳಿಯಲಿಲ್ಲ. ವಾರಪೂರ್ತಿ ಒಂದೇ ವಚನವನ್ನು ಇಟ್ಟುಕೊಂಡರೆ ಏನಾಗುತ್ತದೆಂಬುದನ್ನು ಅಲ್ಲಮಪ್ರಭುವಿನ ಒಂದು ವಚನದ ಮೂಲಕ ತೋರಿಸುತ್ತೇನೆ.

ಕೊಟ್ಟ ಕುದುರೆಯನೇರಲರಿಯದೆ
ಮತ್ತೊಂದು ಕುದುರೆಯ ಬಯಸುವವರು
ವೀರರೂ ಅಲ್ಲ, ಧೀರರೂ ಅಲ್ಲ.

ಗೋಡೆಗಳ ಮೇಲೆ, ಭಾಷಣಗಳಲ್ಲಿ ಕಾಣುವುದು ಇಷ್ಟೇ ಭಾಗ. ಸೋಮವಾರ, ಮಂಗಳವಾರ ನಾನೂ ಇದನ್ನೇ ಜಪಿಸುತ್ತಿದ್ದೆ. ಆಗ ನಾನು ಬೇರೆ ಊರಿಗೆ ವರ್ಗಾವಣೆ ಕೇಳಿ ಕಾಯುತ್ತಿದ್ದ ಕಾಲ. ಅಲ್ಲಿಗೆ ಹೋದರೆ ಎಲ್ಲ ಸರಿಹೋಗುತ್ತದೆಂದು ನಂಬಿ, ಇದ್ದ ಕಚೇರಿಯ ಕೆಲಸದಲ್ಲಿ ಮನಸ್ಸಿಡುವುದನ್ನು ಬಿಟ್ಟಿದ್ದೆ. ವಚನ ನನ್ನನ್ನೇ ಗದರಿಸುವಂತಿತ್ತು. ಬುಧವಾರ ಮುಂದಿನ ಸಾಲಿನಲ್ಲಿ ಕಣ್ಣು ನಿಂತಿತು: ಇದೇ ಕಾರಣಕ್ಕೆ ಮೂರು ಲೋಕವೂ 'ಹಲ್ಲಣವ ಹೊತ್ತುಕೊಂಡು ತೊಳಲುತ್ತಿದ್ದಾರೆ' ಎನ್ನುತ್ತಾನೆ ಅಲ್ಲಮ. ಹಲ್ಲಣವೆಂದರೆ ಕುದುರೆಯ ಬೆನ್ನಿಗೆ ಹಾಕುವ ಜೀನು. ಕುದುರೆಯ ಬೆನ್ನ ಮೇಲಿರಬೇಕಾದುದನ್ನು ತನ್ನ ಬೆನ್ನ ಮೇಲೆ ಹೊತ್ತು, ಇನ್ನೊಂದು ಕುದುರೆಗಾಗಿ ದಾರಿ ದಾರಿ ಅಲೆಯುವ ಮನುಷ್ಯನ ಚಿತ್ರ ಅದು. ಏರುವುದಕ್ಕೆಂದೇ ಇದ್ದ ಸಾಧನ ಹೊರೆಯಾಗಿಬಿಟ್ಟಿದೆ. ನನ್ನ ಹಲ್ಲಣ ಯಾವುದೆಂದು ಆ ರಾತ್ರಿ ಬರೆದುಕೊಳ್ಳಲು ಕುಳಿತಾಗ, ಓದು, ಅನುಭವ, ಆರೋಗ್ಯ ಎಂದು ನಾಲ್ಕು ಸಾಲು ಬರೆದೆ. ಅವೆಲ್ಲವೂ ನನಗೆ ಭಾರವೆನ್ನಿಸುತ್ತಿದ್ದವೆಂಬುದು ಬರೆದ ಮೇಲೆಯೇ ತಿಳಿದದ್ದು.

ಶುಕ್ರವಾರ ಒಂದು ಆಕ್ಷೇಪ ಹುಟ್ಟಿತು, ಆಕ್ಷೇಪ ಹುಟ್ಟಬೇಕು ಕೂಡ. ಹಾಗಾದರೆ ಇದ್ದಲ್ಲಿಯೇ ಇರಬೇಕೇ? ಗಂಡನ ಹೊಡೆತ ತಿನ್ನುವ ಹೆಂಗಸಿಗೆ, ಜಾತಿಯ ಅವಮಾನ ಸಹಿಸುವವನಿಗೆ 'ಕೊಟ್ಟ ಕುದುರೆ'ಯ ಮಾತು ಹೇಳುವುದು ಕ್ರೌರ್ಯವಾಗುವುದಿಲ್ಲವೇ? ಉತ್ತರ ಶರಣರ ಬದುಕಿನಲ್ಲಿಯೇ ಇದೆ. ಪರಂಪರೆ ಹೇಳುವಂತೆ ಅಕ್ಕಮಹಾದೇವಿ ಕೌಶಿಕನ ಅರಮನೆಯನ್ನು ತೊರೆದು ಹೊರಟವಳು, ಕಲ್ಯಾಣದ ಶರಣರು ಹುಟ್ಟಿನಿಂದ ಬಂದ ಮೇಲುಕೀಳನ್ನು ಒಪ್ಪಿಕೊಳ್ಳದವರು. ಪರಿಸ್ಥಿತಿಯನ್ನು 'ಕೊಟ್ಟ ಕುದುರೆ'ಯೆಂದು ಅವರು ತಿಳಿದಿರಲಿಲ್ಲ. ಕುದುರೆಯೆಂದರೆ ತನಗೆ ದೊರೆತ ತನುಮನ, ಅದರ ಶಕ್ತಿ ಎಂದು ಓದಿಕೊಂಡಾಗ ಅರಮನೆಯಿಂದ ಹೊರಟ ಅಕ್ಕ ತನ್ನ ಕುದುರೆಯನ್ನು ಏರಿಯೇ ಹೊರಟಳು ಎಂಬುದು ಹೊಳೆಯುತ್ತದೆ. ನನ್ನ ವರ್ಗಾವಣೆಯ ಅರ್ಜಿಯನ್ನು ನಾನು ಹಿಂದಕ್ಕೆ ಪಡೆಯಲಿಲ್ಲ. ಅದು ಬರುವ ತನಕ, ಮೇಜಿನ ಮೇಲೆ ತಿಂಗಳುಗಟ್ಟಲೆ ಬಾಕಿಯಿದ್ದ ಕಡತಗಳನ್ನು ದಿನಕ್ಕೆ ಐದರಂತೆ ಮುಗಿಸಿದೆ.

ನಿಮ್ಮ ವಾರವನ್ನು ಇದೇ ರೀತಿ ನಡೆಸಬಹುದು. ಮೊದಲೆರಡು ದಿನ ಪದಗಳ ಅರ್ಥ ಮತ್ತು ವಚನದೊಳಗಿನ ಚಿತ್ರ. ಮೂರನೆಯ ದಿನ, ಎಲ್ಲರೂ ಬಿಟ್ಟುಬಿಡುವ ಸಾಲು ಯಾವುದೆಂದು ಹುಡುಕಿರಿ, ಅನೇಕ ಸಲ ವಚನದ ಪ್ರಾಣ ಅಲ್ಲಿಯೇ ಇರುತ್ತದೆ. ನಾಲ್ಕನೆಯ ದಿನ ಮೊದಲ ಪುಟದ ನಿಮ್ಮ ಪ್ರಶ್ನೆಯನ್ನು ಅದರ ಪಕ್ಕದಲ್ಲಿಟ್ಟು ಐದು ಸಾಲು ಬರೆಯಿರಿ. ಐದನೆಯ ದಿನ ವಚನದೊಂದಿಗೆ ಜಗಳವಾಡಿರಿ. ಉಳಿದೆರಡು ದಿನಗಳು ಮುಂದಿನ ಎರಡು ಹೆಜ್ಜೆಗಳಿಗೆ.

ಒಂದು ವಚನವನ್ನು ಇನ್ನೊಂದರ ಎದುರು ನಿಲ್ಲಿಸಿರಿ

ಒಂದೇ ವಚನವನ್ನು ಹಿಡಿದು ಬದುಕನ್ನು ನಿರ್ಧರಿಸಹೊರಟರೆ ದಾರಿ ತಪ್ಪುವ ಸಂಭವವಿದೆ. ನೆರೆಮನೆಯ ದುಃಖದ ವಚನಕ್ಕೆ ಮರಳೋಣ. ಸರಿಯಾದ ಅರ್ಥ ತಿಳಿದ ಮೇಲೆ ಅದು ನನಗೆ ಕಠೋರವೆನ್ನಿಸಿತು. ಆದರೆ ದಯವಿಲ್ಲದ ಧರ್ಮ ಯಾವುದೆಂದು ಕೇಳಿ, ಸಕಲ ಪ್ರಾಣಿಗಳಲ್ಲಿಯೂ ದಯೆ ಬೇಕೆಂದವರು ಅದೇ ಬಸವಣ್ಣನವರು. ಎರಡನ್ನೂ ನೋಟ್ ಪುಸ್ತಕದ ಎದುರುಬದುರು ಪುಟಗಳಲ್ಲಿ ಬರೆದು ನೋಡಿದೆ. ದಯೆ ಬೇಕೆನ್ನುವ ವಚನದಲ್ಲಿ ಅಳುವಿನ ಮಾತೇ ಇಲ್ಲ. ಅಳುವಿನ ವಚನದಲ್ಲಿ ಮೊದಲು ಬರುವುದು ಲೋಕವನ್ನು ತಿದ್ದಹೊರಟವರ ಆತುರ. ತನ್ನ ತನುಮನಗಳ ಡೊಂಕನ್ನು ನೋಡಿಕೊಳ್ಳಲಾರದವನು ಅದನ್ನು ಮರೆಯಲು ಪರರ ಮನೆಯ ಸಂಕಟದಲ್ಲಿ ಮುಳುಗುವುದುಂಟು, ಆ ಅಳುವಿನಿಂದ ನೆರೆಮನೆಗೆ ಒಂದು ಹಿಡಿ ಅಕ್ಕಿಯೂ ಹೋಗುವುದಿಲ್ಲ. ಇದು ನಾನು ಕಂಡುಕೊಂಡ ಅರ್ಥ. ನೀವು ಬೇರೆಯದನ್ನು ಕಾಣಬಹುದು, ಆದರೆ ಎರಡೂ ವಚನಗಳನ್ನು ನೋಡದೆ ಕಾಣಬೇಡಿರಿ. ಜೊತೆ ವಚನವನ್ನು ಹುಡುಕುವುದು ಕಷ್ಟವಲ್ಲ: ನಿಮ್ಮ ವಚನದ ಮುಖ್ಯ ಪದವೊಂದನ್ನು, ಆಸೆ, ಕೋಪ, ದಯೆ, ಮಾತು, ಯಾವುದಾದರೂ ಒಂದನ್ನು ಹಿಡಿದು, ಬೇರೆಯ ವಚನಕಾರರು ಅದರ ಬಗ್ಗೆ ಏನೆಂದಿದ್ದಾರೆಂದು ನೋಡಿರಿ.

ಭಾನುವಾರ: ಓದು ನಡೆಗೆ ಇಳಿಯುವ ದಿನ

ಆಯ್ದಕ್ಕಿ ಮಾರಯ್ಯನ ಹೆಂಡತಿ ಲಕ್ಕಮ್ಮನ ಕಥೆಯನ್ನು ಬಹಳ ಮಂದಿ ಬಲ್ಲರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆಕೆ ಒಲೆ ಹಚ್ಚುವ ಮೊದಲು ಕೇಳಿದ್ದು, 'ಈಸಕ್ಕಿಯಾಸೆ ನಿಮಗೇಕೆ?' ಎಂದು. ಆಸೆ ಅರಸನಿಗಲ್ಲದೆ ಶಿವಭಕ್ತರಿಗೆ ಉಂಟೇ ಎಂದು ಕೇಳಿ, ಹೆಚ್ಚಿನ ಅಕ್ಕಿಯನ್ನು ತಂದಲ್ಲಿಗೇ ಹಿಂದಿರುಗಿಸುವಂತೆ ಹೇಳಿದಳು. ಆಕೆಯ ಜ್ಞಾನ ಒಂದು ಮೊರದ ಅಕ್ಕಿಯ ಅಳತೆಯಲ್ಲಿತ್ತು. ನಿಮ್ಮ ವಾರದ ವಚನವೂ ಅಂಥ ಅಳತೆಗೆ ಇಳಿಯಬೇಕು. "ಇನ್ನು ಮುಂದೆ ಆಸೆ ಬಿಡುತ್ತೇನೆ" ಎಂದು ಬರೆಯಬೇಡಿರಿ, ಅದು ಬುಧವಾರದ ಹೊತ್ತಿಗೆ ಮುರಿದುಬೀಳುತ್ತದೆ. "ಈ ವಾರ ಕಪಾಟಿನಲ್ಲಿ ಎರಡು ವರ್ಷದಿಂದ ಉಡದೆ ಇಟ್ಟಿರುವ ಮೂರು ಸೀರೆಗಳನ್ನು ಬೇಕಾದವರಿಗೆ ಕೊಡುತ್ತೇನೆ" ಎಂದು ಬರೆಯಿರಿ. ಕೆಲಸ ಒಂದೇ ಇರಲಿ, ಅದಕ್ಕೆ ದಿನ ಗೊತ್ತಾಗಿರಲಿ, ಮುಗಿಯಿತೋ ಇಲ್ಲವೋ ಎಂದು ಎಣಿಸಿ ಹೇಳುವಂತಿರಲಿ.

ಸೂಳೆ ಸಂಕವ್ವೆಯದೆಂದು ಇಂದು ನಮಗೆ ಉಳಿದಿರುವುದು ಒಂದೇ ವಚನ. ಒಬ್ಬನ ಒತ್ತೆ (ಮುಂಗಡ ಹಣ) ಹಿಡಿದ ಮೇಲೆ ಇನ್ನೊಬ್ಬನ ಒತ್ತೆ ಹಿಡಿಯೆನೆಂಬ ನಿಷ್ಠೆ ಅದರ ಕೇಂದ್ರ, ನಿರ್ಲಜ್ಜೇಶ್ವರ ಎಂಬುದು ಆಕೆಯ ಅಂಕಿತ. ಲೋಕ ಕೀಳೆಂದ ಕೆಲಸದ ನಡುವೆ ನಿಂತು ಆಕೆ ಕೊಟ್ಟ ಮಾತಿನ ಬಗ್ಗೆ ಮಾತಾಡುತ್ತಾಳೆ. ತಮ್ಮ ಉದ್ಯೋಗಕ್ಕೂ ಅರ್ಥವಂತಿಕೆಗೂ ಸಂಬಂಧವಿಲ್ಲವೆಂದು ಕೊರಗುವವರು ಈ ಒಂದು ವಚನವನ್ನು ಒಂದು ವಾರ ಇಟ್ಟುಕೊಂಡು ನೋಡಬೇಕೆಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ.

ಜೊತೆಗೆ ಇಬ್ಬರಿರಲಿ

ಕಲ್ಯಾಣದ ಶರಣರು ಕೂಡಿ ಕುಳಿತು ಮಾತನಾಡಿದರು, ಪರಸ್ಪರ ಪ್ರಶ್ನಿಸಿದರು. ಹದಿನೈದನೆಯ ಶತಮಾನದಿಂದ ಮುಂದೆ ರೂಪುಗೊಂಡ ಶೂನ್ಯಸಂಪಾದನೆ ಎಂಬ ಗ್ರಂಥಗಳು ವಚನಗಳನ್ನು ಸಂವಾದವಾಗಿಯೇ ಜೋಡಿಸಿವೆ. ಮೂರು ತಿಂಗಳು ಒಬ್ಬರೇ ಓದಿದ ಮೇಲೆ ಇನ್ನಿಬ್ಬರನ್ನು ಸೇರಿಸಿಕೊಳ್ಳಿರಿ, ಐವರಿಗಿಂತ ಹೆಚ್ಚು ಬೇಡ. ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಒಂದು ಗಂಟೆ ಸಾಕು. ನಮ್ಮ ಕೂಟದಲ್ಲಿ ಒಂದು ಕಟ್ಟುಪಾಡಿದೆ: ವಚನದ ಅರ್ಥವನ್ನು ಇನ್ನೊಬ್ಬರ ಬದುಕಿಗೆ ಯಾರೂ ಅನ್ವಯಿಸಬಾರದು, ತಮ್ಮದಕ್ಕೆ ಮಾತ್ರ. ಇದನ್ನು ಮೀರಿದ ದಿನವೇ ಓದು ಉಪದೇಶವಾಗಿ, ಉಪದೇಶ ಚುಚ್ಚುಮಾತಾಗಿ ಕೂಟ ಒಡೆಯುವ ಸ್ಥಿತಿಗೆ ಬಂದಿತ್ತು. ಮನೆಯಲ್ಲಿ ಅಜ್ಜಿಯೋ ಅತ್ತೆಯೋ ಇದ್ದರೆ ಅವರನ್ನು ಕೂರಿಸಿಕೊಳ್ಳಿರಿ. ಬೀಸುವಾಗ, ರೊಟ್ಟಿ ಬಡಿಯುವಾಗ ಹೇಳಿಕೊಂಡ ವಚನಗಳು ಅವರ ಬಾಯಲ್ಲಿರುತ್ತವೆ, ಪುಸ್ತಕದ ಪಾಠಕ್ಕಿಂತ ಒಂದೆರಡು ಪದ ಬೇರೆಯಾಗಿದ್ದರೂ ತಿದ್ದಲು ಹೋಗದೆ ಬರೆದುಕೊಳ್ಳಿರಿ.

ಏನೂ ಹೊಳೆಯದ ವಾರಗಳು

ಅಂಥ ವಾರಗಳು ಬಂದೇ ಬರುತ್ತವೆ. ಏಳು ದಿನ ಓದಿದರೂ ವಚನ ಬಾಯಿ ಬಿಡುವುದಿಲ್ಲ, ನೋಟ್ ಪುಸ್ತಕದ ಪುಟ ಖಾಲಿಯೇ ಉಳಿಯುತ್ತದೆ. ಆ ಖಾಲಿ ಪುಟವನ್ನು ಕಟ್ಟಿದ ಅರ್ಥಗಳಿಂದ ತುಂಬಬೇಡಿರಿ. ವಚನದ ಕೆಳಗೆ ದಿನಾಂಕವನ್ನಷ್ಟೇ ಬರೆದು, ಸಂಪುಟದಲ್ಲಿನ ಅದರ ಸಂಖ್ಯೆಯನ್ನು ಕೊನೆಯ ಪುಟದಲ್ಲಿ ಗುರುತು ಹಾಕಿಕೊಂಡು, ಸೋಮವಾರ ಬೇರೊಂದಕ್ಕೆ ಹೋಗಿರಿ. ವರ್ಷಕ್ಕೊಮ್ಮೆ, ಯುಗಾದಿಯ ಹಿಂದಿನ ವಾರದಲ್ಲಿ, ಆ ಕೊನೆಯ ಪುಟವನ್ನು ತೆರೆದು ಒಂದೊಂದನ್ನೇ ಮತ್ತೆ ಗಟ್ಟಿಯಾಗಿ ಓದುವುದು ನನ್ನ ರೂಢಿ. ತಂದೆ ತೀರಿಕೊಂಡ ವರ್ಷ, ಅದಕ್ಕೂ ಮೊದಲು ಎರಡು ಸಲ ಮೌನವಾಗಿದ್ದ ಅಲ್ಲಮನ ವಚನವೊಂದು ಮೂರನೆಯ ಸಲ ಮೊದಲ ಸಾಲಿಗೇ ತೆರೆದುಕೊಂಡಿತು. ಅಡುಗೆಮನೆಯಲ್ಲಿದ್ದ ಅಮ್ಮನನ್ನು ಕರೆದು ಓದಿ ಹೇಳಿದೆ. ಕೊನೆಯ ಪುಟದಲ್ಲಿ ಈಗ ಹನ್ನೊಂದು ಸಂಖ್ಯೆಗಳು ಉಳಿದಿವೆ.